ಮಕ್ಕಳ ಕೈಗೆ ವಿಜ್ಞಾನವನ್ನಿತ್ತ ಮರಿಯಾ ಮಾಂಟೆಸ್ಸರಿ

ಪುಟ್ಟ ಮಕ್ಕಳ ಶಾಲೆಯ ನಾಮಫಲಕದಲ್ಲಿ ಮಾಂಟೆಸ್ಸರಿ ಎಂಬ ಪದ ಕಾಣದ ಪೇಟೆ ನಮ್ಮ ಕರಾವಳಿಯಲ್ಲಿ ವಿರಳ. ಎಲ್.ಕೆ.ಜಿ., ಯು.ಕೆ.ಜಿ.ಗಳಂತೆ ಅದೂ ಒಂದು ತರಗತಿಯ ಹೆಸರೆಂದು ತಿಳಿದ ಹೆತ್ತವರೂ ಇದ್ದಾರೆ. ವಾಸ್ತವವಾಗಿ ಅದು ಇಟಲಿ ದೇಶದ ಒಬ್ಬ ಮಹಿಳೆಯ ಮನೆತನದ ಹೆಸರು. ಆಕೆ ವೈದ್ಯೆ, ಕಥೋಲಿಕ ವಿಶ್ವಾಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸುಮಾರು ಏಳು ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದವರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನವನ್ನು ಉರು ಹೊಡೆಸಬಾರದು, ಮುಟ್ಟಿಸಿ, ಮಾಡಿಸಿ, ಪ್ರಶ್ನೆ ಕೇಳಿಸಿ ಕಲಿಸಬೇಕು ಎಂಬ ಮಾತನ್ನು ಇಂದು ಪ್ರತಿಯೊಂದು ಶಿಕ್ಷಕರ ತರಬೇತಿ ಶಿಬಿರದಲ್ಲೂ ಕೇಳುತ್ತೇವೆ. ಆ ಮಾತಿನ ಹಿಂದೆ ಇರುವ ಕೆಲವೇ ಮಂದಿಯಲ್ಲಿ ಇವರೂ ಒಬ್ಬರು. ಶಾಲೆಗಳನ್ನು ನಡೆಸುವ ಧರ್ಮಕೇಂದ್ರಗಳ, ಭಾನುವಾರದ ಧರ್ಮೋಪದೇಶ ತರಗತಿ ನಡೆಸುವ ಶಿಕ್ಷಕರ ನಡುವೆ ಅವರ ಜೀವನದ ಪರಿಚಯ ಅಷ್ಟಾಗಿ ಇಲ್ಲದಿರುವುದರಿಂದ ಈ ಲೇಖನ.

ಮರಿಯಾ ಮಾಂಟೆಸ್ಸರಿಯವರು ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಪೂರ್ವ ಕರಾವಳಿಯ ಅಂಕೋನಾ ಸಮೀಪದ ಕಿಯಾರವಲ್ಲೆ ಎಂಬ ಊರಿನಲ್ಲಿ. ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 20ರಂದು, ಇಟಲಿಯ ಸೈನ್ಯ ರೋಮ್ ನಗರವನ್ನು ಜಗದ್ಗುರುಗಳ ಆಡಳಿತದಿಂದ ಕಿತ್ತುಕೊಂಡಿತು. ಹೊಸ ಸರಕಾರ ಮತ್ತು ಧರ್ಮಸಭೆ ಪರಸ್ಪರ ಮುಖ ತಿರುಗಿಸಿ ನಿಂತ ಕಾಲವದು. ವಿಜ್ಞಾನ ಕಲಿತವರು ಧರ್ಮಕ್ಕೆ ದೂರ, ಧರ್ಮ ನಂಬಿದವರು ವಿಜ್ಞಾನಕ್ಕೆ ದೂರ ಎಂದು ಎರಡೂ ಕಡೆಯವರು ಮಾತಾಡಿಕೊಳ್ಳುತ್ತಿದ್ದ ದೇಶದಲ್ಲಿ ಈ ಹುಡುಗಿ ಬೆಳೆದಳು. ತಂದೆ ಅಲೆಸ್ಸಾಂದ್ರೊ ಸರಕಾರದ ಹಣಕಾಸು ಇಲಾಖೆಯ ಅಧಿಕಾರಿ, ಹಳೆಯ ಶಿಸ್ತಿನ ಮನುಷ್ಯ. ತಾಯಿ ರೆನಿಲ್ದೆ ಪುಸ್ತಕ ಪ್ರಿಯೆ, ದೈವಭಕ್ತೆ. ತಾಯಿಯ ಮನೆತನದ ಹೆಸರು ಸ್ಟೊಪ್ಪಾನಿ. ಅದೇ ಹೆಸರಿನ ಧರ್ಮಗುರು ಅಂತೋನಿಯೊ ಸ್ಟೊಪ್ಪಾನಿಯವರು ಆಗಿನ ಇಟಲಿಯ ಪ್ರಸಿದ್ಧ ಭೂವಿಜ್ಞಾನಿ. ಬೆಟ್ಟ, ಬಂಡೆ, ಕಡಲುಗಳ ಬಗ್ಗೆ ಸಾಮಾನ್ಯ ಜನರಿಗೆ ಅರ್ಥವಾಗುವಂತೆ ಬರೆದವರು. ಅವರ ಬರಹದ ಮೇಲೆ ಮರಿಯಾರವರಿಗೆ ಇದ್ದ ಗೌರವ ಕೊನೆಯವರೆಗೂ ಕುಂದಲಿಲ್ಲ. ಈ ಗುರುವಿನ ವಿಷಯ ಮುಂದೆ ಕೊಡೈಕೆನಾಲಿನಲ್ಲಿ ಮತ್ತೆ ಬರುತ್ತದೆ.

1875ರಲ್ಲಿ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು. ಹದಿಮೂರನೇ ವಯಸ್ಸಿಗೆ ಮರಿಯಾ ತಾಂತ್ರಿಕ ಶಾಲೆ ಸೇರಿದರು. ಅದು ಹುಡುಗರಿಗೆಂದೇ ಇದ್ದ ವಿದ್ಯಾಭ್ಯಾಸ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿತು ಎಂಜಿನಿಯರ್ ಆಗುವ ಆಸೆ ಮೊದಲಿಗಿತ್ತು, ಬಳಿಕ ವೈದ್ಯೆಯಾಗಬೇಕೆಂಬ ಹಠ ಬಂತು. 1890ರಲ್ಲಿ ರೋಮ್ ವಿಶ್ವವಿದ್ಯಾಲಯದಲ್ಲಿ ಪ್ರಕೃತಿ ವಿಜ್ಞಾನ ಸೇರಿ, ಎರಡು ವರ್ಷಗಳ ನಂತರ ವೈದ್ಯಕೀಯಕ್ಕೆ ಹೋದರು. ಗಂಡಸರ ಜೊತೆ ಕುಳಿತು ಶವ ಕೊಯ್ಯುವುದು ಸಭ್ಯತೆಯಲ್ಲವೆಂದು ಎಲ್ಲರೂ ಹೋದ ಮೇಲೆ ಒಬ್ಬರೇ ಆ ಕೊಠಡಿಯಲ್ಲಿ ಕೆಲಸ ಮಾಡಬೇಕಾಯಿತು. 1896ರಲ್ಲಿ ಪದವಿ ದೊರೆಯಿತು. ಇಟಲಿಯ ಮೊತ್ತಮೊದಲ ವೈದ್ಯೆ ಎಂದು ಕೆಲವು ಕಡೆ ಬರೆಯುತ್ತಾರೆ, ಅದು ಸರಿಯಲ್ಲ. ಮೊದಲ ಕೆಲವರಲ್ಲಿ ಒಬ್ಬರು, ಅಷ್ಟೇ. ಅಷ್ಟಾದರೂ ಆ ಕಾಲಕ್ಕೆ ಸಣ್ಣ ಮಾತಲ್ಲ.

ಶಿಕ್ಷಣದ ಕಡೆಗೆ ಅವರನ್ನು ತಿರುಗಿಸಿದ್ದು ಶಾಲೆಯಲ್ಲ, ಹುಚ್ಚಾಸ್ಪತ್ರೆ. ವಿಶ್ವವಿದ್ಯಾಲಯದ ಮನೋರೋಗ ವಿಭಾಗದಲ್ಲಿ ಸಹಾಯಕ ವೈದ್ಯೆಯಾಗಿದ್ದಾಗ ಬುದ್ಧಿಮಾಂದ್ಯ ಮಕ್ಕಳನ್ನೂ ದೊಡ್ಡವರ ಜೊತೆ ಒಂದೇ ಕಡೆ ಕೂಡಿಹಾಕಿದ್ದನ್ನು ಕಂಡರು. ಒಂದು ಬರಿಯ ಕೋಣೆಯಲ್ಲಿ ಊಟವಾದ ಮೇಲೆ ಮಕ್ಕಳು ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿದ್ದರು. ಕಾವಲಿನ ಹೆಂಗಸಿಗೆ ಅದು ಹೊಟ್ಟೆಬಾಕತನ, ಹೇಸಿಗೆ. ಮರಿಯಾ ಗಮನಿಸಿ ನೋಡಿದರು. ಮಕ್ಕಳು ಆ ಚೂರುಗಳನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಹಿಸುಕಿ, ಉರುಳಿಸಿ, ತಿರುವಿ ನೋಡುತ್ತಿದ್ದರು. ಆ ಕೋಣೆಯಲ್ಲಿ ಅವರ ಕೈಗೆ ಸಿಗುವ ಬೇರೆ ಯಾವ ವಸ್ತುವೂ ಇರಲಿಲ್ಲ. ಅವರು ಹಸಿದದ್ದು ಅನ್ನಕ್ಕಲ್ಲ, ಕೈಗೆ ಕೆಲಸಕ್ಕೆ ಎಂದು ಆ ಯುವ ವೈದ್ಯೆಗೆ ಹೊಳೆಯಿತು.

ಮುಂದೆ ಅವರು ಮಾಡಿದ್ದು ಸಂಶೋಧಕರ ಕೆಲಸ. ಕಿವುಡ ಮತ್ತು ಬುದ್ಧಿಮಾಂದ್ಯ ಮಕ್ಕಳಿಗೆ ಪಾಠ ಹೇಳಿದ ಫ್ರಾನ್ಸಿನ ವೈದ್ಯರಾದ ಇಟಾರ್ ಮತ್ತು ಸೆಗೆನ್ ಅವರ ಗ್ರಂಥಗಳನ್ನು ಹುಡುಕಿ ತೆಗೆದು, ಹಿಂದಿನ ಕಾಲದ ಬೆನೆಡಿಕ್ಟಿನ್ ಸನ್ಯಾಸಿಗಳಂತೆ, ಪೂರ್ತಿಯಾಗಿ ಇಟಾಲಿಯನ್ ಭಾಷೆಯಲ್ಲಿ ಕೈಬರಹದಲ್ಲಿ ಬರೆದುಕೊಂಡರು. ಒಂದೊಂದು ಪದದ ತೂಕವೂ ತಿಳಿಯಬೇಕೆಂಬುದು ಅದರ ಉದ್ದೇಶ. 1900ರಲ್ಲಿ ರೋಮ್‌ನಲ್ಲಿ ಇಂಥ ಮಕ್ಕಳಿಗಾಗಿ ತೆರೆದ ಶಾಲೆಯ ನಿರ್ದೇಶನದ ಹೊಣೆ ಹೊತ್ತು, ಮರದ ತುಂಡು, ಬಟ್ಟೆ, ದಾರ, ಮಣಿಗಳಿಂದ ಕಲಿಸುವ ಸಾಮಗ್ರಿ ಮಾಡಿಸಿದರು. ಆ ಮಕ್ಕಳಲ್ಲಿ ಕೆಲವರು ಓದು ಬರಹ ಕಲಿತು ಸಾಮಾನ್ಯ ಶಾಲೆಯ ಪರೀಕ್ಷೆಯಲ್ಲಿ ಇತರ ಮಕ್ಕಳ ಸಮಕ್ಕೆ ಪಾಸಾದಾಗ ಊರೆಲ್ಲ ಬೆರಗಾಯಿತು. ಮರಿಯಾರವರ ಬೆರಗು ಬೇರೆ ರೀತಿಯದು. ಆರೋಗ್ಯವಂತ ಮಕ್ಕಳನ್ನು ಶಾಲೆಗಳು ಎಷ್ಟೊಂದು ಹಿಂದಕ್ಕೆ ಹಿಡಿದಿಟ್ಟಿರಬೇಕು, ಇವರೂ ಅವರೂ ಸಮವಾಗಬೇಕಾದರೆ ಎಂದು ಅವರು ಚಿಂತಿಸತೊಡಗಿದರು.

ಇದೇ ವರ್ಷಗಳಲ್ಲಿ ಅವರ ಸ್ವಂತ ಬಾಳಿನಲ್ಲಿ ಒಂದು ದೊಡ್ಡ ದುಃಖ ಇತ್ತು. ಸಹೋದ್ಯೋಗಿ ವೈದ್ಯ ಜುಸೆಪ್ಪೆ ಮೊಂತೆಸಾನೊ ಅವರೊಡನೆ ಸ್ನೇಹವಿದ್ದು, 1898ರ ಮಾರ್ಚ್ 31ರಂದು ಮಾರಿಯೊ ಎಂಬ ಮಗ ಹುಟ್ಟಿದ. ಮದುವೆ ನಡೆಯಲಿಲ್ಲ. ಮೊಂತೆಸಾನೊ ಬೇರೊಬ್ಬರನ್ನು ವಿವಾಹವಾದರು. ಅವಿವಾಹಿತ ತಾಯಿಯೆಂದು ತಿಳಿದರೆ ವೃತ್ತಿಯೂ ಮಾನವೂ ಉಳಿಯದ ಕಾಲ. ಮಗುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಸಾಕಲು ಬಿಟ್ಟರು. ಲೋಕದ ಮಕ್ಕಳಿಗೆಲ್ಲ ತಾಯಿಯಾದವರು ತಮ್ಮ ಮಗನನ್ನು ಆಗೊಮ್ಮೆ ಈಗೊಮ್ಮೆ ದೂರದಿಂದ ಬಂದ ಹೆಂಗಸಿನಂತೆ ನೋಡಿ ಹೋಗಬೇಕಾಯಿತು. ಸಂತರ ಚರಿತ್ರೆ ಬರೆಯುವ ರೀತಿಯಲ್ಲಿ ಇವರ ಚರಿತ್ರೆ ಬರೆಯಹೊರಟವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಆಕೆಯ ಬಾಳು ಅರ್ಥವಾಗಬೇಕಾದರೆ ಇದೂ ಬೇಕು.

1907ರ ಜನವರಿ 6, ಮೂರು ರಾಯರ ಹಬ್ಬದ ದಿನ. ರೋಮ್‌ನ ಸಾನ್ ಲೊರೆಂಜೊ ಬಡಾವಣೆಯ ಮಾರ್ಸಿ ಬೀದಿಯ ವಠಾರವೊಂದರಲ್ಲಿ ಮೊದಲ ಮಕ್ಕಳ ಮನೆ ಆರಂಭವಾಯಿತು. ಕೂಲಿ ಮಾಡುವ ತಂದೆತಾಯಿ ಬೆಳಗ್ಗೆ ಹೊರಟರೆ ಐವತ್ತರಷ್ಟು ಪುಟಾಣಿಗಳು ಮೆಟ್ಟಲುಗಳ ಮೇಲೆ ಓಡಾಡಿ ಗೋಡೆ ಕೆಡಿಸುತ್ತಿದ್ದರು. ಹೊಸದಾಗಿ ದುರಸ್ತಿ ಮಾಡಿದ ಕಟ್ಟಡ ಹಾಳಾಗದಿರಲಿ ಎಂದು ಅದರ ಒಡೆಯ ಸಂಸ್ಥೆಯ ಎಂಜಿನಿಯರ್ ಎದುಆರ್ದೊ ತಲಾಮೊ ಒಂದು ಕೋಣೆ ಕೊಟ್ಟು ಇವರನ್ನು ಕರೆಸಿದರು. ಗೋಡೆ ಉಳಿಸಲು ಶುರುವಾದ ಶಾಲೆಯಿದು! ಆರಂಭದ ದಿನ ಮಾತಾಡಲು ನಿಂತ ಮರಿಯಾರವರು ಹಬ್ಬದ ಬಲಿಪೂಜೆಯಲ್ಲಿ ಓದುವ ಪ್ರವಾದಿ ಯೆಶಾಯನ ಬೆಳಕಿನ ವಾಕ್ಯಗಳನ್ನು ನೆನೆದು ಈ ಕೋಣೆಯ ಭವಿಷ್ಯದ ಬಗ್ಗೆ ಹೇಳಿದರಂತೆ. ಸೇರಿದವರಿಗೆ ಅತಿಯಾಯಿತು ಎನಿಸಿದ್ದರೆ ಆಶ್ಚರ್ಯವಿಲ್ಲ. ಕೆಳಗೆ ಕುಳಿತಿದ್ದದ್ದು ಅಳುಬುರುಕ, ಮೈತೊಳೆಯದ, ಹೆದರಿದ ಮಕ್ಕಳ ಗುಂಪು.

ಆ ಕೋಣೆಯಲ್ಲಿ ನಡೆದ ಒಂದು ಘಟನೆಯನ್ನು ವಿಜ್ಞಾನ ಶಿಕ್ಷಕರೆಲ್ಲ ತಿಳಿದಿರಬೇಕು. ಮೂರು ವರ್ಷದ ಒಬ್ಬ ಹುಡುಗಿ ಬೇರೆ ಬೇರೆ ದಪ್ಪದ ಮರದ ಗುಂಡುಗಳನ್ನು ಅವುಗಳ ಸರಿಯಾದ ಗುಳಿಯಲ್ಲಿ ಕೂರಿಸುತ್ತಿದ್ದಳು. ಎಲ್ಲ ಕೂರಿಸಿದ ಮೇಲೆ ಹೊರತೆಗೆದು ಮತ್ತೆ ಮೊದಲಿಂದ. ಮರಿಯಾ ಎಣಿಸತೊಡಗಿದರು. ಸುತ್ತಲಿದ್ದ ಮಕ್ಕಳಿಂದ ಹಾಡು ಹಾಡಿಸಿದರು, ಹುಡುಗಿ ತಲೆ ಎತ್ತಲಿಲ್ಲ. ಕುಳಿತ ಕುರ್ಚಿ ಸಮೇತ ಅವಳನ್ನು ಎತ್ತಿ ಮೇಜಿನ ಮೇಲಿಟ್ಟರು, ಅವಳು ಸಾಮಗ್ರಿಯನ್ನು ತೊಡೆಯ ಮೇಲೆ ಹಿಡಿದು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿದ ನಂತರ ತಾನಾಗಿ ನಿಲ್ಲಿಸಿ, ಒಳ್ಳೆಯ ನಿದ್ದೆಯಿಂದ ಎದ್ದವಳಂತೆ ನಗುತ್ತಾ ಸುತ್ತ ನೋಡಿದಳು. ಮೂರು ವರ್ಷದ ಮಗುವಿಗೆ ಏಕಾಗ್ರತೆ ಇಲ್ಲವೆಂಬ ದೊಡ್ಡವರ ಲೆಕ್ಕ ಅಲ್ಲಿಗೆ ಸುಳ್ಳಾಯಿತು.

ಗುಟ್ಟು ಸಾಮಗ್ರಿಯ ರಚನೆಯಲ್ಲಿತ್ತು. ಉದಾಹರಣೆಗೆ ಅವರ ಗುಲಾಬಿ ಗೋಪುರವನ್ನು ನೋಡೋಣ. ಹತ್ತು ಮರದ ಘನಗಳು. ಅತಿ ಚಿಕ್ಕದರ ಬದಿ 1 ಸೆಂಟಿಮೀಟರ್, ಅತಿ ದೊಡ್ಡದರದ್ದು 10. ಬಣ್ಣ ಒಂದೇ, ಮರ ಒಂದೇ, ಆಕಾರ ಒಂದೇ, ಬದಲಾಗುವುದು ಅಳತೆ ಮಾತ್ರ. ಪ್ರಯೋಗಶಾಲೆಯಲ್ಲಿ ವಿಜ್ಞಾನಿ ಮಾಡುವುದೂ ಇದನ್ನೇ ಅಲ್ಲವೇ? ಉಳಿದದ್ದನ್ನೆಲ್ಲ ಹಾಗೆಯೇ ಇಟ್ಟು ಒಂದೇ ಒಂದು ಅಂಶವನ್ನು ಬದಲಾಯಿಸಿ ನೋಡುವುದು. ದೊಡ್ಡ ಘನದ ಗಾತ್ರ ಚಿಕ್ಕದರ ಸಾವಿರ ಪಟ್ಟು, ತೂಕವೂ ಹಾಗೆಯೇ. ಮಗುವಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ, ಆದರೆ ಒಂದನ್ನು ಎರಡು ಬೆರಳಲ್ಲಿ ಎತ್ತಿದ ಮಗು ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಬೇಕು. ಕೈಗೆ ಗೊತ್ತಾದದ್ದು ಆರೇಳು ವರ್ಷಗಳ ನಂತರ ಗಣಿತದ ಪುಸ್ತಕದಲ್ಲಿ ಸೂತ್ರವಾಗಿ ಬಂದಾಗ ಹಳೆಯ ಗೆಳೆಯನಂತೆ ಕಾಣುತ್ತದೆ. ಗುಂಡನ್ನು ತಪ್ಪು ಗುಳಿಯಲ್ಲಿಟ್ಟರೆ ಕೊನೆಗೆ ಒಂದು ಗುಂಡಿಗೆ ಜಾಗವಿರುವುದಿಲ್ಲ. ತಪ್ಪಾಯಿತೆಂದು ಹೇಳಲು ಟೀಚರ್ ಬೇಕಿಲ್ಲ, ಬೈಗುಳವೂ ಬೇಕಿಲ್ಲ. ಸಾಮಗ್ರಿಯೇ ಹೇಳುತ್ತದೆ, ಮಗು ತಾನೇ ಹುಡುಕಿ ಸರಿಪಡಿಸುತ್ತದೆ. ಒಂದು ದಿನ ಶಿಕ್ಷಕಿ ತಡವಾಗಿ ಬಂದಾಗ ಬೀಗ ಹಾಕಲು ಮರೆತಿದ್ದ ಕಪಾಟಿನಿಂದ ಮಕ್ಕಳೇ ಸಾಮಾನು ತೆಗೆದು ಕೆಲಸಕ್ಕೆ ಕುಳಿತಿದ್ದರು. ಅದನ್ನು ಶಿಸ್ತುಭಂಗವೆಂದು ಎಣಿಸದೆ ಮರಿಯಾರವರು ಬೀಗದ ಕಪಾಟನ್ನೇ ತೆಗೆಸಿ, ಮಕ್ಕಳ ಕೈಗೆಟಕುವ ತೆರೆದ ಕಪಾಟುಗಳನ್ನು ಮಾಡಿಸಿದರು. ನಮ್ಮ ಎಷ್ಟೋ ಶಾಲೆಗಳಲ್ಲಿ ವಿಜ್ಞಾನದ ಉಪಕರಣಗಳು ಇನ್ಸ್‌ಪೆಕ್ಷನ್ನಿನ ದಿನ ಮಾತ್ರ ಹೊರಬರುತ್ತವೆ ಎಂಬುದನ್ನು ಬಲ್ಲ ಶಿಕ್ಷಕ ಬಂಧುಗಳು ಇಲ್ಲಿ ಒಂದು ಕ್ಷಣ ನಿಲ್ಲಬಹುದು.

1909ರಲ್ಲಿ ಅವರ ಮೊದಲ ಮುಖ್ಯ ಗ್ರಂಥ ಹೊರಬಂತು. ಅದರಲ್ಲಿ ಸಸಿ ಬೆಳೆಸುವುದು ಮತ್ತು ಪ್ರಾಣಿ ಸಾಕುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ನೀರು ಹಾಕದಿದ್ದರೆ ಗಿಡ ಬಾಡುತ್ತದೆ, ಕಾಳು ಹಾಕದಿದ್ದರೆ ಕೋಳಿಮರಿ ಹಸಿಯುತ್ತದೆ. ಮಗುವನ್ನು ಕೆಲಸಕ್ಕೆ ಕರೆಯುವುದು ಟೀಚರ್ ಅಲ್ಲ, ಆ ಜೀವ. ಬೀಜ ಹಾಕಿ ಮೊಳಕೆಗೆ ಕಾಯುವಾಗ ತಾಳ್ಮೆ ಬರುತ್ತದೆ, ಒಂದು ಬೇಗ ಬೆಳೆದು ಇನ್ನೊಂದು ನಿಧಾನವಾದಾಗ ಕಾರಣ ಹುಡುಕುವ ಬುದ್ಧಿ ಬರುತ್ತದೆ. ಹೀಗೆ ವಿಜ್ಞಾನದ ಪಾಠ ಮತ್ತು ಮನಸ್ಸಿನ ಸಂಸ್ಕಾರ ಎರಡೂ ಒಂದೇ ಹೂವಿನ ಕುಂಡದಲ್ಲಿ ನಡೆಯುತ್ತವೆ ಎಂಬುದು ಅವರ ವಾದ.

ಧರ್ಮಸಭೆಯಲ್ಲಿ ಅವರನ್ನು ಮೊದಲು ಬರಮಾಡಿಕೊಂಡವರು ಧರ್ಮಭಗಿನಿಯರು. 1908ರ ಡಿಸೆಂಬರ್ 28ರಂದು ಮೆಸ್ಸಿನಾ ನಗರದ ಭೀಕರ ಭೂಕಂಪದಲ್ಲಿ ಅನಾಥರಾದ ಮಕ್ಕಳನ್ನು ಫ್ರಾನ್ಸಿಸ್ಕನ್ ಮಿಷನರೀಸ್ ಆಫ್ ಮೇರಿ ಸಂಸ್ಥೆಯ ಭಗಿನಿಯರು ರೋಮ್‌ನ ಜುಸ್ತಿ ಬೀದಿಯ ತಮ್ಮ ಕಾನ್ವೆಂಟಿಗೆ ತಂದಿದ್ದರು. (1877ರಲ್ಲಿ ಈ ಸಂಸ್ಥೆ ಆರಂಭವಾದದ್ದು ನಮ್ಮ ನೆರೆಯ ಊಟಿಯಲ್ಲಿ ಎಂಬುದು ಓದುಗರಿಗೆ ನೆನಪಿರಲಿ.) ಮಾತು ಬಿಟ್ಟ, ಊಟ ನಿದ್ದೆ ಬಿಟ್ಟ ಆ ಮಕ್ಕಳ ನಡುವೆ ಮಾಂಟೆಸ್ಸರಿ ಶಾಲೆ ತೆರೆಯಿತು. ನೀರು ಹೊರುವುದು, ಮೇಜು ಜೋಡಿಸುವುದು, ತೋಟ ನೋಡಿಕೊಳ್ಳುವುದು, ಹೀಗೆ ಕೈಗೆ ಕೆಲಸ ಬಂದಂತೆ ಮಕ್ಕಳ ಮುಖಕ್ಕೆ ನಗು ಬಂತು. ಮುಂದೆ ಶಿಕ್ಷಕಿಯರ ತರಬೇತಿಯೂ ಅದೇ ಕಾನ್ವೆಂಟಿನಲ್ಲಿ ನಡೆಯಿತು. 1918ರಲ್ಲಿ ಜಗದ್ಗುರು ಪೋಪ್ 15ನೇ ಬೆನೆಡಿಕ್ಟ್ ಅವರು ಅವರ ಕಾರ್ಯಕ್ಕೆ ಆಶೀರ್ವಾದ ನೀಡಿದರು.

ಹಾಗೆಂದು ಎಲ್ಲರೂ ಮೆಚ್ಚಲಿಲ್ಲ. ಮಗುವಿಗೆ ಇಷ್ಟು ಸ್ವಾತಂತ್ರ್ಯ ಕೊಡುವುದೆಂದರೆ ಜನ್ಮಪಾಪದ ಬೋಧನೆಯನ್ನೇ ಮರೆತಂತೆ, ಇದು ದೇವರಿಲ್ಲದ ಪ್ರಕೃತಿವಾದ ಎಂದು ಕೆಲವು ಕಥೋಲಿಕ ಪಂಡಿತರು ಆಕ್ಷೇಪಿಸಿದರು. ರೋಮ್‌ನ ಯೇಸುಸಭೆಯ ಪತ್ರಿಕೆಯಲ್ಲೂ ಟೀಕೆ ಬಂತು. 1929ರ ಕೊನೆಯಲ್ಲಿ ಪೋಪ್ 11ನೇ ಪಿಯುಸ್ ಅವರು ಕ್ರೈಸ್ತ ಶಿಕ್ಷಣದ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ಯಾರ ಹೆಸರನ್ನೂ ಎತ್ತದೆ, ಶಿಕ್ಷಣದಲ್ಲಿನ ಪ್ರಕೃತಿವಾದದ ವಿರುದ್ಧ ಎಚ್ಚರಿಸಿದ್ದರು. ಎಚ್ಚರಿಕೆಗೆ ಕಾರಣ ಇಲ್ಲದಿರಲಿಲ್ಲ. ಆ ಕಾಲದಲ್ಲಿ ದೇವರನ್ನು ಶಾಲೆಯಿಂದ ಹೊರಗಿಡಲು ವಿಜ್ಞಾನದ ಹೆಸರನ್ನು ಬಳಸಿದವರು ಇದ್ದೇ ಇದ್ದರು. ಆದರೆ ಮಾಂಟೆಸ್ಸರಿಯವರನ್ನು ಅವರ ಸಾಲಿಗೆ ಸೇರಿಸಿದ್ದು ಅನ್ಯಾಯವೆಂದೇ ನನ್ನ ಅನಿಸಿಕೆ. ಅದಕ್ಕೆ ಸಾಕ್ಷಿ ಸ್ಪೇನಿನ ಬಾರ್ಸಿಲೋನಾದಲ್ಲಿದೆ.

1915ರಲ್ಲಿ ಬಾರ್ಸಿಲೋನಾದಲ್ಲಿ ಅವರ ಶಿಷ್ಯೆ ಅನ್ನಾ ಮಕ್ಕೆರೋನಿಯವರ ನೇತೃತ್ವದಲ್ಲಿ ಶಾಲೆ ತೆರೆಯಿತು. ಅಲ್ಲಿ ಮಕ್ಕಳಿಗೆಂದೇ ಒಂದು ಪ್ರಾರ್ಥನಾಲಯ. ಕುರ್ಚಿ, ತೀರ್ಥದ ಬಟ್ಟಲು, ಪ್ರತಿಮೆಗಳು, ಎಲ್ಲವೂ ಮಕ್ಕಳ ಎತ್ತರಕ್ಕೆ. ಇಂಥ ಕೋಣೆಗೆ ಆಟ್ರಿಯಂ ಎಂದು ಹೆಸರು ಬಂತು. ಪುರಾತನ ದೇವಾಲಯಗಳಲ್ಲಿ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರು ನಿಲ್ಲುತ್ತಿದ್ದ ಮುಂಭಾಗದ ಹೆಸರದು. ಪುಟ್ಟ ಪೀಠ, ಪುಟ್ಟ ಪೂಜಾಪಾತ್ರೆಗಳನ್ನು ಮಕ್ಕಳು ಕೈಯಾರೆ ಜೋಡಿಸಿ ಹೆಸರು ಕಲಿಯುತ್ತಿದ್ದರು. ಮಾಂಟೆಸ್ಸರಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪರಮಪ್ರಸಾದದ ಪಾಠವನ್ನು ಬಾಯಿಪಾಠದಿಂದ ಆರಂಭಿಸದೆ ಹೊಲದಿಂದ ಆರಂಭಿಸಿದರು. ಶಾಲೆಯ ಬಯಲಿನಲ್ಲಿ ಒಂದು ಪಟ್ಟಿ ಗೋಧಿಗೆ, ಇನ್ನೊಂದು ದ್ರಾಕ್ಷಿಬಳ್ಳಿಗೆ. ಮಕ್ಕಳೇ ಬಿತ್ತಿದರು, ಮೊಳಕೆ ನೋಡಿದರು, ತೆನೆ ಬಲಿಯುವ ತನಕ ಕಾದರು. ಕೊಯ್ಲು ಹಬ್ಬವಾಯಿತು. ಆ ಗೋಧಿಯ ಹಿಟ್ಟು ಪೀಠದ ರೊಟ್ಟಿಗೆ, ಆ ದ್ರಾಕ್ಷಿಯ ರಸ ಪೀಠದ ದ್ರಾಕ್ಷಾರಸಕ್ಕೆ. ಬಿತ್ತಿದ ಕಾಳು ಮಣ್ಣಿನಲ್ಲಿ ಏನಾಗುತ್ತದೆ ಎಂದು ಅಗೆದು ನೋಡಿದ ಮಗುವಿಗೆ ಸಾಯುವ ಗೋಧಿ ಕಾಳಿನ ಕುರಿತಾದ ಶುಭಸಂದೇಶವನ್ನು ವಿವರಿಸಲು ಉದ್ದದ ಪ್ರಸಂಗ ಬೇಕಾಗಲಿಲ್ಲ. ಮೊಂತಿ ಹಬ್ಬದಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಕೊಂಡೊಯ್ದು ಹೊಸಕ್ಕಿ ಊಟ ಮಾಡುವ ನಮ್ಮ ಜನರಿಗಂತೂ ಇದು ಬೇಗ ಅರ್ಥವಾಗುತ್ತದೆ. ವಿಶ್ವಾಸವೆಂದರೆ ಒಂದು ಪೀರಿಯಡ್, ವಿಜ್ಞಾನವೆಂದರೆ ಮತ್ತೊಂದು ಪೀರಿಯಡ್ ಎಂಬ ಗೋಡೆ ಆ ಹೊಲದಲ್ಲಿ ಇರಲಿಲ್ಲ. ಬಲಿಪೂಜೆಯನ್ನು ಮಕ್ಕಳಿಗೆ ವಿವರಿಸುವ ಅವರ ಪುಸ್ತಕ 1932ರಲ್ಲಿ ಪ್ರಕಟವಾಯಿತು. ಅವರು ತೀರಿದ ಬಳಿಕ 1954ರಲ್ಲಿ ರೋಮ್‌ನಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಲ್ಲೆತ್ತಿ ಮತ್ತು ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿ ಈ ಬೀಜದಿಂದಲೇ ಒಳ್ಳೆಯ ಕುರುಬನ ಧರ್ಮೋಪದೇಶ ಎಂಬ ಪದ್ಧತಿಯನ್ನು ಬೆಳೆಸಿದರು. ಇಂದು ಹಲವು ದೇಶಗಳ ಧರ್ಮಕೇಂದ್ರಗಳಲ್ಲಿ ಅದು ನಡೆಯುತ್ತಿದೆ.

1912ರ ಡಿಸೆಂಬರಿನಲ್ಲಿ ತಾಯಿ ರೆನಿಲ್ದೆ ತೀರಿಕೊಂಡಿದ್ದರು. ಅದಾಗಿ ಸ್ವಲ್ಪ ಸಮಯದಲ್ಲಿ ಹದಿನೈದರ ಹುಡುಗ ಮಾರಿಯೊ ತಾಯಿಯ ಬಳಿಗೆ ಬಂದ. ಲೋಕಕ್ಕೆ ಮಾತ್ರ ಆತ ಸಂಬಂಧಿಯೆಂದೋ ಸಾಕುಮಗನೆಂದೋ ಪರಿಚಯ. ಅಲ್ಲಿಂದ ಮುಂದೆ ತಾಯಿಯ ಕೊನೆಯುಸಿರಿನ ತನಕ ಆತ ಅವರ ಬಲಗೈ. ಹೆಸರು ಹಬ್ಬಿತು. 1913ರಲ್ಲಿ ಅಮೆರಿಕ ಪ್ರವಾಸ, 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿ, 1929ರಲ್ಲಿ ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘ. 1924ರಿಂದ ಹತ್ತು ವರ್ಷ ಮುಸ್ಸೊಲಿನಿಯ ಸರಕಾರದ ಬೆಂಬಲವನ್ನೂ ಅವರು ಸ್ವೀಕರಿಸಿದ್ದರು. ಇದನ್ನು ಇತಿಹಾಸಕಾರರು ಇಂದಿಗೂ ಪ್ರಶ್ನಿಸುತ್ತಾರೆ, ಪ್ರಶ್ನಿಸಬೇಕಾದದ್ದೇ. ತಾನಾಗಿ ಯೋಚಿಸುವ ಮಕ್ಕಳು ಸರ್ವಾಧಿಕಾರಿಗೆ ಬೇಕಾಗಿರಲಿಲ್ಲ. 1934ರಲ್ಲಿ ಸಂಬಂಧ ಮುರಿಯಿತು, ಇಟಲಿಯ ಶಾಲೆಗಳು ಮುಚ್ಚಿದವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಬಾರ್ಸಿಲೋನಾದಿಂದಲೂ ಅವರನ್ನು ಓಡಿಸಿತು. ಬ್ರಿಟಿಷ್ ಹಡಗೊಂದರಲ್ಲಿ ತಪ್ಪಿಸಿಕೊಂಡು ಇಂಗ್ಲೆಂಡಿಗೆ, ಅಲ್ಲಿಂದ ನೆದರ್ಲೆಂಡ್ಸಿಗೆ.

ಭಾರತದಲ್ಲಿ ಆ ಹೊತ್ತಿಗೆ ಅವರ ಹೆಸರು ಹೊಸದಲ್ಲ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ಆರಂಭಿಸಿದ್ದರು. 1931ರ ಅಕ್ಟೋಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿ ಲಂಡನ್ನಿನ ಮಾಂಟೆಸ್ಸರಿ ತರಬೇತಿ ಕಾಲೇಜಿನಲ್ಲಿ ಮಾತಾಡಿದ್ದರು. ಥಿಯೋಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇಲೆ 1939ರ ನವೆಂಬರಿನಲ್ಲಿ ಮರಿಯಾರವರು ಮಾರಿಯೊ ಜೊತೆ ಮದ್ರಾಸಿನ ಅಡ್ಯಾರಿಗೆ ಬಂದರು. ಆಗ ಅವರ ವಯಸ್ಸು 69. ಮುನ್ನೂರರಷ್ಟು ಶಿಕ್ಷಕರು ದೇಶದ ಮೂಲೆಮೂಲೆಯಿಂದ ಬಂದು ಸೇರಿದ್ದರು. ಅವರು ಇಟಾಲಿಯನ್ ಭಾಷೆಯಲ್ಲಿ ಹೇಳುವುದು, ಮಾರಿಯೊ ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸುವುದು. ಥಿಯೋಸಾಫಿಯವರ ಅತಿಥಿಯಾದದ್ದು ಕೆಲವು ಕಥೋಲಿಕರಿಗೆ ಸರಿಕಾಣಲಿಲ್ಲ. ಅವರು ಮಾತ್ರ ಕಥೋಲಿಕರಾಗಿಯೇ ಬಂದು ಕಥೋಲಿಕರಾಗಿಯೇ ಉಳಿದರು.

ಕೆಲವು ತಿಂಗಳಿಗೆಂದು ಬಂದವರು ಸಿಕ್ಕಿಬಿದ್ದರು. 1940ರ ಜೂನ್ 10ರಂದು ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಭಾರತದಲ್ಲಿ ಇಟಲಿಯವರೆಲ್ಲ ಶತ್ರು ದೇಶದವರಾದರು. ಮಾರಿಯೊವನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ವೃದ್ಧೆ ತಾಯಿಗೆ ಅಡ್ಯಾರಿನ ಆವರಣ ದಾಟಬಾರದೆಂದು ಆಜ್ಞೆ. ಮಾರಿಯೊನ ಮಕ್ಕಳು ನೆದರ್ಲೆಂಡ್ಸಿನಲ್ಲೇ ಉಳಿದಿದ್ದರು. ಒಮ್ಮೆ ಲೋಕಕ್ಕೆ ಹೆದರಿ ಮಗನನ್ನು ಬಿಟ್ಟುಕೊಟ್ಟಿದ್ದ ತಾಯಿಯಿಂದ ಈ ಸಲ ಯುದ್ಧ ಮಗನನ್ನು ಕಿತ್ತುಕೊಂಡಿತು. ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ತುಂಬಿತು. ಆ ಸಂದರ್ಭದಲ್ಲಿ ವೈಸರಾಯರಿಂದ ಒಂದು ತಂತಿ ಬಂತು. ಹುಟ್ಟುಹಬ್ಬಕ್ಕೆ ಏನು ಕೊಡಬಹುದೆಂದು ಯೋಚಿಸಿದ ಸರಕಾರ ಅವರ ಮಗನನ್ನು ಮರಳಿಸುವುದೇ ಉತ್ತಮ ಕಾಣಿಕೆಯೆಂದು ತೀರ್ಮಾನಿಸಿತ್ತು. ನಲವತ್ತೆರಡು ವರ್ಷಗಳಿಂದ ಬಹಿರಂಗವಾಗಿ ಆಡಲಾಗದಿದ್ದ ಮಗ ಎಂಬ ಪದ ಸರಕಾರಿ ತಂತಿಯಲ್ಲಿ ಅಚ್ಚಾಗಿ ಬಂದಿತ್ತು. ಅಂದಿನಿಂದ ಆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ.

1942ರಲ್ಲಿ ಅವರು ಕೊಡೈಕೆನಾಲ್ ಬೆಟ್ಟಕ್ಕೆ ಹೋದರು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದ ತಂಪು ಊರು, ಸುತ್ತಲೂ ಶೋಲಾ ಕಾಡು, ಕೆರೆ, ತೊರೆ. ಅಲ್ಲಿ ಪುಟ್ಟ ಶಾಲೆಯೊಂದು ಬೆಳೆಯಿತು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ವಿಜ್ಞಾನವನ್ನು ಹೇಗೆ ಕೊಡಬೇಕೆಂಬ ಅವರ ಯೋಚನೆ ಪೂರ್ಣ ರೂಪ ಪಡೆದದ್ದು ಇಲ್ಲಿಯೇ. ಅಂದರೆ ಲೋಕದ ಎಲ್ಲ ಮಾಂಟೆಸ್ಸರಿ ಪ್ರಾಥಮಿಕ ಶಾಲೆಗಳ ವಿಜ್ಞಾನದ ಪಾಠದಲ್ಲಿ ದಕ್ಷಿಣ ಭಾರತದ ಒಂದು ಬೆಟ್ಟದ ಗಿಡಮರಗಳ ಪಾಲಿದೆ. ಮಕ್ಕಳು ಎಲೆ, ಬೇರು, ಹೂವು ತಂದು ಹೋಲಿಸಿ ಗುಂಪು ಮಾಡುತ್ತಿದ್ದರು. ಕೆರೆಯ ನೀರಿನ ಜೀವಿಗಳನ್ನು ಸಾಕಿ ನೋಡುತ್ತಿದ್ದರು. ಮೊದಲು ವಸ್ತು, ಆಮೇಲೆ ಪ್ರಶ್ನೆ, ಕೊನೆಗೆ ಹೆಸರು. ನಾವು ಸಾಮಾನ್ಯವಾಗಿ ಮಾಡುವುದು ಇದರ ತಲೆಕೆಳಗು.

ಈ ವಯಸ್ಸಿನ ಮಗುವಿಗೆ ಏಕೆ, ಹೇಗೆ ಎಂಬ ಪ್ರಶ್ನೆಗಳ ಹಸಿವು ಎಂದು ಅವರು ಕಂಡಿದ್ದರು. ಆದ್ದರಿಂದ ಚೂರುಚೂರು ಪಾಠದ ಬದಲು ಇಡೀ ವಿಶ್ವವನ್ನೇ ಒಂದು ಕಥೆಯಾಗಿ ಮೊದಲು ಕೊಡಬೇಕೆಂದರು. ಆ ಮೊದಲ ಕಥೆಗೆ ಕೈಗಳಿಲ್ಲದ ದೇವರು ಎಂಬ ಹೆಸರು. ದೇವರು ಕೈಯಿಂದ ಮಾಡಲಿಲ್ಲ, ನಿಯಮ ಕೊಟ್ಟರು. ಕಲ್ಲು, ನೀರು, ಗಾಳಿ ಪ್ರತಿಯೊಂದೂ ತನಗೆ ಕೊಟ್ಟ ನಿಯಮಕ್ಕೆ ವಿಧೇಯವಾಗಿ ನಡೆಯುತ್ತವೆ. ಕಥೆಯ ನಡುನಡುವೆ ಸರಳ ಪ್ರಯೋಗ: ಮಂಜುಗಡ್ಡೆ ಕರಗಿ ನೀರಾಗಿ ಆವಿಯಾಗುವುದು, ಬೇರೆ ಬೇರೆ ಭಾರದ ದ್ರವಗಳು ಒಂದೇ ಪಾತ್ರೆಯಲ್ಲಿ ಪದರ ಪದರವಾಗಿ ನಿಲ್ಲುವುದು, ಅದರಂತೆಯೇ ಭೂಮಿಯ ಭಾರದ ವಸ್ತುಗಳು ಒಳಗೆ ಇಳಿದದ್ದು. ನೋಡಿದ ಮಗು ಮರುದಿನ ತಾನೇ ಮಾಡಿ ನೋಡಬೇಕು. ಕಾಲದ ಅಳತೆ ತೋರಿಸಲು ಕಪ್ಪು ಬಟ್ಟೆಯ ಒಂದು ಉದ್ದನೆಯ ಪಟ್ಟಿ. ಅದು ಭೂಮಿಯ ಪ್ರಾಯ. ಬಿಡಿಸುತ್ತಾ ಬಿಡಿಸುತ್ತಾ ಹೋದರೆ ಕೊಟ್ಟಕೊನೆಯಲ್ಲಿ ಒಂದು ಕಿರಿದಾದ ಬಿಳಿ ಗೆರೆ. ಅದು ಮನುಷ್ಯ ಬಂದ ಕಾಲ.

ಧರ್ಮಗುರು ಸ್ಟೊಪ್ಪಾನಿಯವರು ಇಲ್ಲಿ ಮರಳಿ ಬರುತ್ತಾರೆ. ನದಿಗಳು ಬಂಡೆಯ ಸುಣ್ಣವನ್ನು ಕರಗಿಸಿ ಲಕ್ಷಾಂತರ ವರ್ಷಗಳಿಂದ ಸಮುದ್ರಕ್ಕೆ ಸುರಿಯುತ್ತಿವೆ. ಆದರೂ ಸಮುದ್ರದ ನೀರು ಏಕೆ ಸುಣ್ಣದಿಂದ ತುಂಬಿ ಹೋಗಲಿಲ್ಲ? ಹವಳದ ಹುಳುಗಳು, ಚಿಪ್ಪಿನ ಜೀವಿಗಳು ಆ ಸುಣ್ಣವನ್ನು ಹೀರಿ ತಮ್ಮ ಮನೆ ಕಟ್ಟಿಕೊಳ್ಳುತ್ತವೆ, ಸತ್ತ ಮೇಲೆ ಅವುಗಳ ಚಿಪ್ಪು ದಿಬ್ಬಗಳಾಗುತ್ತದೆ, ದ್ವೀಪಗಳಾಗುತ್ತದೆ. ತನ್ನ ಹೊಟ್ಟೆಪಾಡು ನೋಡಿಕೊಳ್ಳುವ ಹುಳು ತನಗೆ ಅರಿವಿಲ್ಲದೆ ಇಡೀ ಕಡಲನ್ನು ಶುಚಿಯಾಗಿಡುತ್ತದೆ. ಸ್ಟೊಪ್ಪಾನಿಯವರಿಂದ ಪಡೆದ ಈ ನೋಟವನ್ನು ಮಾಂಟೆಸ್ಸರಿಯವರು ಮಕ್ಕಳಿಗೆ ಪಾಠವಾಗಿ ಕೊಟ್ಟರು. ಪ್ರತಿಯೊಂದು ಜೀವಿಗೂ ಸೃಷ್ಟಿಯಲ್ಲಿ ಒಂದು ಸೇವೆಯಿದೆ ಎಂಬ ಅರಿವು ವಿಜ್ಞಾನದ ತರಗತಿಯಲ್ಲೇ ಮೂಡಬೇಕು ಎಂಬುದು ಅವರ ಆಸೆ. ಕಡಲ ದಂಡೆಯಲ್ಲಿ ಚಿಪ್ಪು ಹೆಕ್ಕಿ ಬೆಳೆದ ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ?

ಯುದ್ಧ ಮುಗಿದು 1946ರಲ್ಲಿ ಅವರು ಯುರೋಪಿಗೆ ಮರಳಿದರು. ಭಾರತದ ಸೆಳೆತ ಬಿಡಲಿಲ್ಲ, 1947ರಲ್ಲಿ ಮತ್ತೆ ಬಂದರು. ಕೊಡೈಕೆನಾಲಿನ ವಿಚಾರಗಳುಳ್ಳ ಗ್ರಂಥ 1948ರಲ್ಲಿ, ಶಿಶುಮನಸ್ಸಿನ ಕುರಿತ ಅವರ ಪ್ರಸಿದ್ಧ ಗ್ರಂಥ 1949ರಲ್ಲಿ ಮದ್ರಾಸಿನಲ್ಲೇ ಪ್ರಕಟವಾದವು. 1949ರಿಂದ ಸತತ ಮೂರು ವರ್ಷ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿತವಾಯಿತು, ದೊರೆಯಲಿಲ್ಲ. ತಮ್ಮ ಹೆಸರನ್ನು ಕಾನೂನಿನಿಂದ ಭದ್ರಪಡಿಸಿಕೊಳ್ಳಲು ಅವರಿಗೆ ಆಗಲೇ ಇಲ್ಲ. ಆದ್ದರಿಂದಲೇ ಇಂದು ಒಂದು ಗುಲಾಬಿ ಗೋಪುರವೂ ಇಲ್ಲದ ಶಾಲೆ ಕೂಡ ಆ ಹೆಸರಿನ ಫಲಕ ಹಾಕಿಕೊಳ್ಳಬಹುದು, ಮೂರು ವರ್ಷದ ಮಗುವಿಗೆ ಹೋಂವರ್ಕ್ ಕೊಡಬಹುದು.

1952ರ ಮೇ 6ರಂದು ನೆದರ್ಲೆಂಡ್ಸಿನ ನೋರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ಮಾರಿಯೊ ಜೊತೆ ಆಫ್ರಿಕಾ ಪ್ರವಾಸದ ಬಗ್ಗೆ ಮಾತಾಡುತ್ತಿದ್ದರು. ಈಗ ಘಾನಾ ಎಂದು ಕರೆಯುವ ದೇಶಕ್ಕೆ ಶಿಕ್ಷಕರ ತರಬೇತಿಗೆ ಹೋಗಬೇಕೆಂದು ಅವರ ಇಚ್ಛೆ. ಈ ವಯಸ್ಸಿನಲ್ಲಿ ಬೇಡವೆಂದು ಮಗನ ಅಭಿಪ್ರಾಯ. ನಾನು ಉಪಯೋಗಕ್ಕೆ ಬಾರದವಳಾದೆನೇ ಎಂಬ ಅರ್ಥದಲ್ಲಿ ಅವರು ಕೇಳಿದರಂತೆ. ಅದೇ ದಿನ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. 81 ವರ್ಷ ವಯಸ್ಸಾಗಿತ್ತು. ಎಲ್ಲಿ ತೀರಿಕೊಳ್ಳುತ್ತೇನೋ ಅಲ್ಲಿಯೇ ಮಣ್ಣು ಮಾಡಬೇಕೆಂಬುದು ಅವರ ಇಚ್ಛೆಯಾಗಿದ್ದುದರಿಂದ ಅದೇ ಊರಿನ ಕಥೋಲಿಕ ಸ್ಮಶಾನದಲ್ಲಿ ಅವರನ್ನು ಹೂಳಿದರು. 1970ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರಕಾರ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಅವರ ಉಯಿಲಿನಲ್ಲಿ ಎಲ್ಲವೂ ಮಾರಿಯೊಗೆ ಸೇರಿತ್ತು. ಅದರಲ್ಲಿ ಅವರು ಆತನನ್ನು ಸಂಬಂಧಿಯೆಂದು ಬರೆದಿರಲಿಲ್ಲ, ಸಾಕುಮಗನೆಂದೂ ಬರೆದಿರಲಿಲ್ಲ. ನನ್ನ ಮಗ ಎಂದೇ ಬರೆದಿದ್ದರು.